ನದಿಯಲ್ಲಿ ದೋಣಿಮನೆ ಹಿಡಿಯುವ ಮುನ್ನ: ನೀರು ಇಳಿಯುವಾಗಲೇ ಅಪಾಯ ಹೆಚ್ಚು

ಇಂಗ್ಲೆಂಡಿನ ಮನೆ ಬಾಡಿಗೆಗೆ ಹೆದರಿ, ಉದ್ದನೆಯ ಕಿರಿದಾದ ದೋಣಿಯಾದ ನ್ಯಾರೋಬೋಟ್‌ನಲ್ಲಿ ವಾಸ ಮಾಡುವ ಯೋಚನೆಯಲ್ಲಿರುವ ಕನ್ನಡಿಗರು ಮುಂಗಡ ಕೊಡುವ ಮೊದಲು ಇದನ್ನು ಓದಿ. ಕಾಲುವೆಯಲ್ಲಿ ಕಟ್ಟಿದ ದೋಣಿಯ ಬಗ್ಗೆ ನನ್ನ ತಕರಾರಿಲ್ಲ. ನದಿಯಲ್ಲಿ ಮಾತ್ರ, ಅದೂ ಚಳಿಗಾಲಕ್ಕೆ, ಹಿಡಿಯಬೇಡಿ.

ನಾನು ಮತ್ತು ನನ್ನ ಹೆಂಡತಿ ಆಕ್ಸ್‌ಫರ್ಡ್‌ ಬಳಿ ಥೇಮ್ಸ್ ದಡದ ಒಂದು ಖಾಸಗಿ ಜಾಗದಲ್ಲಿ ಬಾಡಿಗೆ ದೋಣಿಯಲ್ಲಿದ್ದೆವು. ಜಾಗ ತೋರಿಸಿದ್ದು ಆಗಸ್ಟ್‌ನಲ್ಲಿ. ನೀರು ದಡಕ್ಕಿಂತ ಎಷ್ಟೋ ಕೆಳಗೆ ನಿಧಾನವಾಗಿ ಹರಿಯುತ್ತಿತ್ತು. “ಇಲ್ಲಿಗೆ ನೆರೆ ಬಂದದ್ದೇ ಇಲ್ಲ” ಎಂದು ಮಾಲೀಕರು ಬಾಯಿಮಾತಿನ ಭರವಸೆ ಕೊಟ್ಟರು. ದಡದಲ್ಲಿ ದೋಣಿ ಕಟ್ಟಲು ಕಬ್ಬಿಣದ ಬಳೆಯಾಗಲಿ ಕಂಬವಾಗಲಿ ಇರಲಿಲ್ಲ. ಸುಮಾರು 15 ಟನ್ ತೂಕದ ಉಕ್ಕಿನ ದೋಣಿಯನ್ನು ಹುಲ್ಲುನೆಲಕ್ಕೆ ಹೊಡೆದ ಗೂಟಗಳಿಗೆ ಕಟ್ಟಿದ್ದರು.

2024ರ ಜನವರಿ ಆರಂಭದಲ್ಲಿ ಹೆಂಕ್ ಬಿರುಗಾಳಿ ಬಂತು. ಅದಕ್ಕೂ ಮೊದಲೇ ಸುರಿದ ಮಳೆಯಿಂದ ನೆಲ ನೆನೆದು ಹೋಗಿತ್ತು. ನಮ್ಮ ಮಲೆನಾಡಿನ ಹೊಳೆಗಳ ಹಾಗೆ ರಾತ್ರಿ ಏರಿ ಬೆಳಗ್ಗೆ ಇಳಿಯುವ ನದಿ ಇದಲ್ಲ. ಕಾಟ್ಸ್‌ವೋಲ್ಡ್ ಗುಡ್ಡಗಳ ಸುಣ್ಣಕಲ್ಲಿನ ನೆಲ ಹೀರಿಕೊಂಡ ನೀರನ್ನು ವಿಂಡ್‌ರಶ್, ಈವನ್‌ಲೋಡ್ ಉಪನದಿಗಳು ತಡವಾಗಿ ತಂದು ಸುರಿಯುತ್ತವೆ. ಮಳೆ ನಿಂತು ಬಿಸಿಲು ಬಿದ್ದ ದಿನವೂ ನೀರು ಏರುತ್ತಲೇ ಇತ್ತು.

ಥೇಮ್ಸ್‌ನ ಲಾಕ್‌ಗಳಲ್ಲಿ (ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಬಾಗಿಲುಕಟ್ಟೆಗಳಲ್ಲಿ) ಫಲಕ ಹಾಕುತ್ತಾರೆ. ಹಳದಿ ಎಂದರೆ ಸೆಳೆತ ಹೆಚ್ಚುತ್ತಿದೆ ಅಥವಾ ಇಳಿಯುತ್ತಿದೆ ಎಂಬ ಸೂಚನೆ; ಕೆಂಪು ಎಂದರೆ ಯಾವ ದೋಣಿಯೂ ಹೊರಡಬಾರದೆಂಬ ಸಲಹೆ. ಕೆಂಪು ಫಲಕ ಬಿದ್ದ ಮೇಲೆ ಕುಡಿಯುವ ನೀರು ತುಂಬಿಸಲು, ಶೌಚದ ತೊಟ್ಟಿ ಖಾಲಿ ಮಾಡಲು ದೋಣಿಯನ್ನು ಒಯ್ಯುವಂತಿಲ್ಲ. ಕಲ್ಲಿದ್ದಲು, ಗ್ಯಾಸ್ ಮಾರುವ ದೋಣಿಯೂ ಬರುವುದಿಲ್ಲ. ರಸ್ತೆಗೆ ಹೋಗುವ ಕಾಲುದಾರಿ ಮುಳುಗಿದಾಗ ಅದು ಎಲ್ಲಿ ಮುಗಿಯುತ್ತದೆ, ನದಿ ಎಲ್ಲಿ ಶುರುವಾಗುತ್ತದೆ ಎಂಬುದು ಹಗಲಿನಲ್ಲೂ ತಿಳಿಯಲಿಲ್ಲ. ಹೀಗೆ ವಾರಗಟ್ಟಲೆ ಕಾಯಬೇಕಾಯಿತು. ಬಾಡಿಗೆಯಲ್ಲಿ ಒಂದು ಪೆನ್ನಿಯೂ ಕಡಿಮೆಯಾಗಲಿಲ್ಲ.

ನೀರು ಏರುವಾಗ ಹಗ್ಗ ಬಿಗಿಯಾಗಿದ್ದರೆ ಅದು ದೋಣಿಯ ಒಂದು ಅಂಚನ್ನು ಕೆಳಗೆ ಹಿಡಿದಿಡುತ್ತದೆ. ಆದ್ದರಿಂದ ರಾತ್ರಿಯಲ್ಲೂ ಎದ್ದು ಹಗ್ಗ ಸಡಿಲಿಸುತ್ತಿದ್ದೆವು. ನೆನೆದು ಬಿಗಿದ ಗಂಟು ಚಳಿಗೆ ಮರಗಟ್ಟಿದ ಬೆರಳಿಗೆ ಬಗ್ಗುತ್ತಿರಲಿಲ್ಲ. ಆದರೂ ಏರುವ ನೀರು ಕಣ್ಣಿಗೆ ಕಾಣುತ್ತದೆ, ಎಲ್ಲರೂ ಎಚ್ಚರವಾಗಿರುತ್ತಾರೆ. ಮೋಸ ಹೋಗುವುದು ಇಳಿಯುವ ನೀರಿಗೆ. ದಡವೇ ಮುಳುಗಿದಾಗ ದೋಣಿ ತೇಲುತ್ತಾ ಹುಲ್ಲುನೆಲದ ಮೇಲೆ ಬಂದಿರುತ್ತದೆ. ನೀರು ಇಳಿಯತೊಡಗಿದರೆ ಒಂದು ಅಂಚು ನೆಲಕ್ಕೆ ಕೂತು, ಇನ್ನೊಂದು ಅಂಚು ನದಿಯತ್ತ ವಾಲುತ್ತದೆ. ಆ ಬದಿಯಲ್ಲಿ ಸಿಂಕ್‌ನ ನೀರು ಹೊರಹೋಗುವ ರಂಧ್ರವೋ ಗಾಳಿಕಿಂಡಿಯೋ ಮುಳುಗಿದರೆ ನೀರು ಒಳಗೆ ನುಗ್ಗುತ್ತದೆ. ಆಮೇಲೆ ದೋಣಿ ಮುಳುಗಲು ಹೆಚ್ಚು ಹೊತ್ತು ಬೇಕಿಲ್ಲ.

ನಮಗೆ ಅದು ತಿಳಿದದ್ದು ಒಂದು ಮುಂಜಾವ, ಅಡುಗೆ ಕಟ್ಟೆಯ ಮೇಲಿಟ್ಟ ಸ್ಟೀಲ್ ಲೋಟ ತಾನಾಗಿ ಜಾರಿ ಬಿದ್ದಾಗ. ಹೊರಬಂದರೆ ದಡದ ಕಡೆಯ ಅಂಚು ಹುಲ್ಲಿನ ಮೇಲೆ ಕೂತಿತ್ತು. ಪಕ್ಕದ ದೋಣಿಯ ಹಿರಿಯರು ಓಡಿ ಬಂದು ಉದ್ದದ ಕೋಲಿನಿಂದ ಮೀಟಿ, ನಾವು ಇಬ್ಬರೂ ತಳ್ಳಿ, ಅಂತೂ ದೋಣಿ ನೀರಿಗೆ ಜಾರಿತು. ಇನ್ನೊಂದು ಗಂಟೆ ತಡವಾಗಿದ್ದರೆ ಹದಿನೈದು ಟನ್ನನ್ನು ಮೂವರು ಅಲುಗಾಡಿಸಲೂ ಆಗುತ್ತಿರಲಿಲ್ಲ. ದಡದ ಅಂಚಿನಲ್ಲಿ ನೆರೆಗೆ ಮೊದಲೇ ಎತ್ತರದ ಕಬ್ಬಿಣದ ಪೈಪುಗಳನ್ನು ನೆಟ್ಟಿದ್ದರೆ ದೋಣಿ ಅದನ್ನು ದಾಟಿ ಬರುತ್ತಿರಲಿಲ್ಲ ಎಂದು ಅವರು ಹೇಳಿದರು. ಅವರ ಜಾಗದಲ್ಲಿ ಅಂಥ ಪೈಪುಗಳಿದ್ದವು. ನಮ್ಮ ಮಾಲೀಕರು ಅದಕ್ಕೆ ಖರ್ಚು ಮಾಡಿರಲಿಲ್ಲ. ಒಳಗೆ ಜನ ಮಲಗುವ ದೋಣಿಯ ವಿಷಯದಲ್ಲಿ ಇದು ಅಕ್ಷಮ್ಯ ಎಂದೇ ನನ್ನ ಅಭಿಪ್ರಾಯ.

ಜಾಗ ನೋಡಲು ಹೋದಾಗ ಅಕ್ಕಪಕ್ಕದ ದೋಣಿಯವರನ್ನು ಮಾತನಾಡಿಸಿ. ಕಳೆದ ಚಳಿಗಾಲದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಅವರು ತೋರಿಸುತ್ತಾರೆ. ನದಿಮಟ್ಟದ ಅಳತೆ ಸರ್ಕಾರದ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಕಾಲುವೆ ಎಂಬ ಹೆಸರನ್ನು ಮಾತ್ರ ನಂಬಬೇಡಿ: ಆಕ್ಸ್‌ಫರ್ಡ್ ಕಾಲುವೆ ಶಿಪ್ಟನ್ ವಿಯರ್ ಲಾಕ್‌ನಿಂದ ಬೇಕರ್ಸ್ ಲಾಕ್‌ವರೆಗೆ ಚರ್ವೆಲ್ ನದಿಯಲ್ಲೇ ಸಾಗುತ್ತದೆ. ದೋಣಿಯ ಸುರಕ್ಷತಾ ಪ್ರಮಾಣಪತ್ರ, ವಿಮೆ ಎರಡನ್ನೂ ಕಣ್ಣಾರೆ ನೋಡಿ. ನೆರೆ ಬಂದು ಜಾಗ ಬಿಡಬೇಕಾದರೆ ಮುಂಗಡ ವಾಪಸು ಎಂದು ಕಾಗದದಲ್ಲಿ ಬರೆಸಿಕೊಳ್ಳಿ. ನಮ್ಮ ಮುಂಗಡ ಇನ್ನೂ ಬಂದಿಲ್ಲ.

ಈಗಾಗಲೇ ನದಿಯಲ್ಲಿರುವವರು ನೀರು ಏರುವ ಮೊದಲೇ ಪೈಪು ನೆಡಿಸಿ, ಹಗ್ಗಗಳನ್ನು ಮುಂದಕ್ಕೂ ಹಿಂದಕ್ಕೂ ಉದ್ದವಾಗಿ ಬಿಟ್ಟು ಕಟ್ಟಿ. ಚಳಿಗೆ ಹೆದರಿ ಗಾಳಿಕಿಂಡಿ ಮುಚ್ಚಬೇಡಿ. ಒಲೆ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಕೊಲ್ಲುತ್ತದೆ. ನೀರು ಇಳಿಯುತ್ತಿರುವ ರಾತ್ರಿಗಳಲ್ಲಿ ಒಬ್ಬರಾದರೂ ಎಚ್ಚರವಿರಿ. ಅದಾಗದಿದ್ದರೆ ದೋಣಿ ಬಿಟ್ಟು ಗೆಳೆಯರ ಮನೆಯಲ್ಲಿ ಮಲಗಿ.