ನಾಣ್ಯ ಕಳಿಸುವಾಗ ‘ಡಾಕ್ಯುಮೆಂಟ್’ ಅಂತ ಬರೆಸಬೇಡಿ

ಹಳೆ ನಾಣ್ಯಗಳನ್ನು ಆನ್‌ಲೈನ್‌ನಲ್ಲಿ ಮಾರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ದಾವಣಗೆರೆಯಿಂದ ನಾನು ಕಳಿಸಿದ ಆರು ಬೆಳ್ಳಿ ರೂಪಾಯಿಗಳಲ್ಲಿ ಐದು ಮಾತ್ರ ತಲುಪಿದವು. ತಲುಪದೇ ಹೋದದ್ದು 1911ರ ರೂಪಾಯಿ.

ಸಂಗ್ರಹ ಮಾಡುವವರಿಗೆ ಈ ನಾಣ್ಯದ ಕಥೆ ಗೊತ್ತು. ಐದನೇ ಜಾರ್ಜ್ ದೊರೆಯ ಹೆಸರಲ್ಲಿ ಬಂದ ಮೊದಲ ರೂಪಾಯಿ ಅದು. ದೊರೆಯ ನಿಲುವಂಗಿ ಮೇಲೆ ಒಂದು ಪುಟ್ಟ ಆನೆ ಇದೆ. ಅದರ ಸೊಂಡಿಲು ಎಷ್ಟು ಗಿಡ್ಡ ಅಂದರೆ ಜನರ ಕಣ್ಣಿಗೆ ಅದು ಹಂದಿಯ ಹಾಗೆ ಕಂಡಿತು. ಆಕ್ಷೇಪ ಬಂತು. ಸರ್ಕಾರ ನಾಣ್ಯವನ್ನು ವಾಪಸ್ ತೆಗೆದುಕೊಂಡು ಬಹಳಷ್ಟನ್ನು ಕರಗಿಸಿತು. 1912ರಿಂದ ಆನೆಯನ್ನು ತಿದ್ದಿದರು. ಹಾಗಾಗಿ 1911ರದ್ದಕ್ಕೆ ಬೇಡಿಕೆ ಜಾಸ್ತಿ, ಅದರಲ್ಲೂ ಸವೆಯದೇ ಉಳಿದದ್ದಕ್ಕೆ.

ನಮ್ಮದು ಸವೆದಿರಲಿಲ್ಲ. ಅಜ್ಜಿ ಪ್ರತಿ ದೀಪಾವಳಿಗೂ ಲಕ್ಷ್ಮೀ ಪೂಜೆಗೆ ಮುಂಚೆ ಬೆಳ್ಳಿ ರೂಪಾಯಿಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. (ನೀವು ಹಾಗೆ ತಿಕ್ಕಬೇಡಿ, ಹೊಳಪು ಬಂದರೂ ಬೆಲೆ ಬಿದ್ದುಹೋಗುತ್ತದೆ.) ಇದೊಂದು ಮಾತ್ರ ಟ್ರಂಕಿನ ತಳದಲ್ಲಿ ಅರಿವೆ ಗಂಟಿನೊಳಗೆ ಉಳಿದುಬಿಟ್ಟಿತ್ತು. ಮಗಳ ಕಾಲೇಜು ಫೀಸು ಕಟ್ಟಬೇಕಿತ್ತು, ಅದಕ್ಕೇ ಮಾರಲು ಮನಸ್ಸು ಮಾಡಿದೆ. ಆರಕ್ಕೂ ಸೇರಿ 26,500 ರೂಪಾಯಿಗೆ ಮಾತಾಯಿತು. ಅದರಲ್ಲಿ 14,000 ಇದೊಂದಕ್ಕೇ. ಹಣ ಅದೇ ದಿನ ಖಾತೆಗೆ ಬಂತು.

ಮನೆ ಹತ್ತಿರದ ಒಂದು ಖಾಸಗಿ ಕೊರಿಯರ್ ಕೌಂಟರಿಗೆ ಹೋದೆ. ಅಲ್ಲಿದ್ದ ಹುಡುಗ, ‘ಒಳಗೇನಿದೆ ಅಣ್ಣಾ?’ ಅಂದ. ‘ಹಳೆ ನಾಣ್ಯ’ ಅಂದೆ. ‘ನಾಣ್ಯ ಅಂತ ಬರೆದರೆ ಬುಕ್ ಮಾಡೋ ಹಾಗಿಲ್ಲ. ಡಾಕ್ಯುಮೆಂಟ್ ಅಂತ ಹಾಕ್ತೀನಿ ಬಿಡಿ, ಎಲ್ಲರೂ ಹಂಗೇ ಕಳಿಸ್ತಾರೆ’ ಅಂದ. ಬೆಲೆ ಬರೆಯುವ ಜಾಗದಲ್ಲಿ 100 ಅಂತ ಗೀಚಿದ. ನಾನು ಸಹಿ ಹಾಕಿದೆ.

ಎಲ್ಲ ಕೆಟ್ಟದ್ದು ಆ ಸಹಿಯಲ್ಲೇ. ರಸೀದಿ ಪ್ರಕಾರ ನಾನು ಕಳಿಸಿದ್ದು ನೂರು ರೂಪಾಯಿಯ ಕಾಗದ. ಆಮೇಲೆ ಬೆಳ್ಳಿ ಕಳೆಯಿತು ಅಂತ ಯಾರನ್ನು ಕೇಳಲಿ?

ನಾಲ್ಕನೇ ದಿನ ಕೊಂಡವರು ಫೋಟೊ ಕಳಿಸಿದರು. ಕವರಿನ ಒಂದು ಮೂಲೆ ಸೀಳಿದೆ, ಅದರ ಮೇಲೆ ಕಂದು ಬಣ್ಣದ ಟೇಪ್. ನಾನು ಹಾಕಿದ್ದು ಬಿಳಿ ಟೇಪ್. ಒಳಗೆ ಐದೇ ನಾಣ್ಯ. ದಾರಿಯಲ್ಲಿ ಹರಿದು ಬಿತ್ತೋ, ಯಾರಾದರೂ ತೆಗೆದರೋ, ಹೇಳುವುದು ಹೇಗೆ? ತಪ್ಪು ನನ್ನದೂ ಇತ್ತು. ನಾಣ್ಯಗಳನ್ನು ಒಂದೊಂದಾಗಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ರಟ್ಟಿನ ನಡುವೆ ಸುಮ್ನೆ ಇಟ್ಟಿದ್ದೆ. ಅಂಟಿಸಿರಲಿಲ್ಲ. ಅವೆಲ್ಲ ಜಾರಿ ಒಂದೇ ಮೂಲೆಗೆ ಸೇರಿ, ಅಲ್ಲಿ ಒತ್ತಿ ಒತ್ತಿ ಕಾಗದ ತೆಳ್ಳಗಾಗಿರಬೇಕು.

ತೂಕವಾದರೂ ಸಾಕ್ಷಿ ಆಗಬಹುದು ಅಂದುಕೊಂಡೆ. ಒಂದು ಬೆಳ್ಳಿ ರೂಪಾಯಿ 11.66 ಗ್ರಾಂ, ಆರಕ್ಕೆ ಹತ್ತಿರ ಹತ್ತಿರ 70 ಗ್ರಾಂ. ರಸೀದಿಯಲ್ಲಿ ಸರಿಯಾದ ತೂಕವೇ ಇಲ್ಲ, ‘250 ಗ್ರಾಂ ಒಳಗೆ’ ಅಂತ ಅಷ್ಟೇ. ಒಂದು ನಾಣ್ಯ ಕಡಿಮೆಯಾದರೂ ಆ ಲೆಕ್ಕಕ್ಕೆ ಏನೂ ಆಗಿಲ್ಲ.

ಕೊರಿಯರ್‌ನವರು ರಸೀದಿಯ ಹಿಂಬದಿ ತೋರಿಸಿದರು. ಸಣ್ಣ ಅಕ್ಷರದಲ್ಲಿ, ನಾಣ್ಯ, ಒಡವೆ, ನಗದು ಕಳಿಸುವಂತಿಲ್ಲ ಅಂತಿದೆ. ಕೊಂಡವರಿಗೆ ನಾನೇ 14,000 ವಾಪಸ್ ಕೊಟ್ಟೆ. ಅವರಿಗೆ ನಾನು ನಾಣ್ಯ ಹಾಕಿಯೇ ಇಲ್ಲವೇನೋ ಅನ್ನುವ ಅನುಮಾನ. ನನಗೆ ಅವರ ಮೇಲೆ. ಪ್ಯಾಕ್ ಮಾಡಿದ ವಿಡಿಯೊ ನನ್ನಲ್ಲಿಲ್ಲ, ಬಿಚ್ಚಿದ ವಿಡಿಯೊ ಅವರಲ್ಲಿಲ್ಲ. ಎರಡು ವರ್ಷದಿಂದ ಚೆನ್ನಾಗಿ ಮಾತಾಡುತ್ತಿದ್ದವರು ನಾವು. ಈಗ ಮಾತಿಲ್ಲ. ಹಣಕ್ಕಿಂತ ಇದು ಜಾಸ್ತಿ ನೋಯಿಸುತ್ತದೆ.

ನಮ್ಮ ಬೀದಿಯಲ್ಲಿ ಅಂಚೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ವಿಷಯ ಕೇಳಿ, ‘ಅಲ್ಲಪ್ಪಾ, ಬೆಳ್ಳಿ ಕಳಿಸೋನು ವಿಮೆ ಮಾಡಿಸಬೇಕು ತಾನೆ?’ ಅಂದರು. ಅಂಚೆಯಲ್ಲಿ ನಾಣ್ಯ, ಚಿನ್ನ, ಬೆಳ್ಳಿ ಕಳಿಸಬೇಕಾದರೆ ವಿಮೆ ಕಡ್ಡಾಯ ಅನ್ನುವುದು ಹಳೆಯ ನಿಯಮ. ವಿಮೆ ಇಲ್ಲದ ಸ್ಪೀಡ್ ಪೋಸ್ಟ್ ಕಳೆದುಹೋದರೆ ಪರಿಹಾರ ಎಷ್ಟು ಗೊತ್ತಾ? ಕಟ್ಟಿದ ಶುಲ್ಕದ ಎರಡರಷ್ಟು ಅಥವಾ 1000 ರೂಪಾಯಿ, ಯಾವುದು ಕಡಿಮೆಯೋ ಅದು. ವಿಮೆ ಮಾಡಿಸಿದರೆ ಬರೆದ ಬೆಲೆಯವರೆಗೆ ಕೇಳುವ ಹಕ್ಕಿರುತ್ತದೆ, 1 ಲಕ್ಷದವರೆಗೆ. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ. ಸ್ವಲ್ಪ ಹೆಚ್ಚು ಕೊಟ್ಟರೆ, ವಿಳಾಸದಾರರ ಕೈಗೇ ಕೊಡುವ ನೋಂದಣಿ, ಒಟಿಪಿ ಹೇಳಿದ ಮೇಲೆ ಕೊಡುವ ಸೌಲಭ್ಯ ಎರಡೂ ಇವೆ. ಎರಡನ್ನೂ ಕೇಳಿ ಪಡೆಯಿರಿ.

ಮೇಲೆ ಬೆಲೆ ಬರೆದರೆ ಕಳ್ಳರ ಕಣ್ಣು ಬೀಳುವುದಿಲ್ಲವೇ ಅಂತ ನಾನೂ ಕೇಳಿದೆ. ವಿಮೆ ಮಾಡಿಸಿದ ಕವರು ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಬರೆದಿಡುತ್ತಾರೆ, ಹೊಣೆ ಹೊತ್ತವರ ಹೆಸರು ಇರುತ್ತದೆ ಅಂದರು ಅವರು. ನನಗೆ ಅದು ಸರಿ ಅನಿಸಿತು.

ಮನೆಯಲ್ಲಿ ಉಳಿದಿದ್ದ ಇನ್ನೆರಡು ನಾಣ್ಯಗಳನ್ನು ಆಮೇಲೆ ಅಂಚೆಯಲ್ಲೇ ವಿಮೆ ಮಾಡಿಸಿ ಹೀಗೆ ಕಳಿಸಿದೆ. ಮೊದಲು ಅಕ್ಕಸಾಲಿಗರ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿಸಿ, ಎರಡೂ ಮುಖ ಮತ್ತು ಅಂಚಿನ ಫೋಟೊ ತೆಗೆದೆ. ಒಂದೊಂದು ನಾಣ್ಯಕ್ಕೆ ಒಂದೊಂದು ಗಟ್ಟಿ ಹೋಲ್ಡರ್ (ನಾಣ್ಯ ಕೂರಿಸುವ ಚೌಕಟ್ಟು). ರಟ್ಟಿನ ಹೋಲ್ಡರ್ ಆದರೆ ಸ್ಟೇಪ್ಲರ್ ಪಿನ್ನನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ, ಇಲ್ಲದಿದ್ದರೆ ಪಕ್ಕದ ನಾಣ್ಯಕ್ಕೆ ಗೀರು ಬೀಳುತ್ತದೆ. ಹೋಲ್ಡರನ್ನು ರಟ್ಟಿಗೆ ನಾಲ್ಕೂ ಬದಿ ಅಂಟಿಸಿ, ಮೇಲೊಂದು ರಟ್ಟು ಮುಚ್ಚಿ, ಚಿಕ್ಕ ಪೆಟ್ಟಿಗೆಯಲ್ಲಿಟ್ಟೆ. ಅದನ್ನು ಇನ್ನೊಂದು ಪೆಟ್ಟಿಗೆಯೊಳಗೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದೆ. ಚೂರು ಸದ್ದು ಬಂದರೂ ಬಿಚ್ಚಿ ಮತ್ತೆ ಕಟ್ಟಬೇಕು. ಶುರುವಿನಿಂದ ಕೌಂಟರಿನ ರಸೀದಿವರೆಗೆ ವಿಡಿಯೊ ಮಾಡಿದೆ, ಗ್ರಾಂ ಲೆಕ್ಕದ ತೂಕ ಬರೆಸಿಕೊಂಡೆ. ಕೌಂಟರಿನಲ್ಲಿ ನಾಣ್ಯ ಅಂತ ನಿಜವನ್ನೇ ಹೇಳಿ, ಆದರೆ ಪೆಟ್ಟಿಗೆಯ ಹೊರಗೆ ‘ನಾಣ್ಯ’ ಅನ್ನುವ ಪದ ಬೇಡ. ಕೊಳ್ಳುವವರಿಗೂ ಮೊದಲೇ ಹೇಳಿಡಿ: ಕವರು ಹರಿದಿದ್ದರೆ ಸಹಿ ಹಾಕದೆ, ಸಿಬ್ಬಂದಿ ಎದುರೇ ತೂಗಿ ಬಿಚ್ಚಿಸಬೇಕು.

ದುಬೈನಿಂದ ಒಬ್ಬರು ಇಂಥ ನಾಣ್ಯ ಕಳಿಸಿಕೊಡಿ ಅಂತ ಕೇಳಿದ್ದರು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. ಹೊರದೇಶಕ್ಕೆ ಕಳಿಸುವಂತಿಲ್ಲ. ಎಷ್ಟೇ ಬೆಲೆ ಹೇಳಿದರೂ ಒಪ್ಪಬೇಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಡಾಕ್ಯುಮೆಂಟ್ ಅಂತ ಬರೆದ ರಸೀದಿ ಇಟ್ಟುಕೊಂಡು ಎಷ್ಟು ದೂರ ಹೋಗುತ್ತದೋ ನೋಡಬೇಕು.

ನನ್ನ ನಾಣ್ಯದ ಗುರುತು ಹೇಳುತ್ತೇನೆ. ದೊರೆಯ ಕಿವಿಯ ಹಿಂದೆ ಎಳ್ಳು ಕಾಳಿನಷ್ಟು ಕಪ್ಪು ಚುಕ್ಕೆ ಇದೆ. ಹಿಂಬದಿಯಲ್ಲಿ, 1911 ಅನ್ನುವ ಅಂಕಿಯ ಕೆಳಗೆ ಅಂಚಿನಲ್ಲಿ ಸಣ್ಣ ಕಚ್ಚು ಇದೆ, ಉಗುರು ಆಡಿಸಿದರೆ ಸಿಗುತ್ತದೆ. ದಾವಣಗೆರೆ, ಚಿತ್ರದುರ್ಗ, ಹುಬ್ಬಳ್ಳಿ ಕಡೆ ಯಾರ ಕೈಗಾದರೂ ಇಂಥದ್ದು ಮಾರಾಟಕ್ಕೆ ಬಂದರೆ ದಯವಿಟ್ಟು ತಿಳಿಸಿ. ಫೋಟೊ ನನ್ನ ಹತ್ತಿರ ಇದೆ.