ಪ್ರಯೋಗದ ಮುಖಚಿತ್ರಕ್ಕೆ ಮಾನೋಟೈಪ್, ಲಿನೋಕಟ್, ಡ್ರೈಪಾಯಿಂಟ್: ಯಾವುದು ಯಾವಾಗ?

ಒಂದು ಮುಖವನ್ನು ಪ್ರಯೋಗವಾಗಿ ಅಚ್ಚಿನಲ್ಲಿ ಮೂಡಿಸಲು ಮಾನೋಟೈಪ್, ಲಿನೋಕಟ್, ಡ್ರೈಪಾಯಿಂಟ್ ಎಂಬ ಮೂರು ಅಚ್ಚುಕಲೆಗಳಲ್ಲಿ ಯಾವುದು ಹಿಡಿಯಲಿ ಅಂತ ಕೇಳಿದ್ದೀರಿ. ಆ ಮುಖದಿಂದ ನಿಮಗೇನು ಬೇಕು ಅನ್ನೋದರ ಮೇಲೆ ಉತ್ತರ ನಿಂತಿದೆ.

ಕ್ಷಣದ ಭಾವ ಬೇಕಾದರೆ ಮಾನೋಟೈಪ್. ನುಣುಪಾದ ಲೋಹ ಅಥವಾ ಪ್ಲಾಸ್ಟಿಕ್ ಹಾಳೆಗೆ ಶಾಯಿ ಬಳಿದು, ಬಟ್ಟೆಯಿಂದ ಒರೆಸುತ್ತಾ ಬೆಳಕನ್ನು ಹೊರಗೆ ತಂದು, ಆಮೇಲೆ ಕಾಗದದ ಮೇಲೆ ಒತ್ತುತ್ತೀರಿ. ಕೆನ್ನೆಯ ನೆರಳು ಬೆರಳ ತುದಿಯಲ್ಲೇ ಕರಗುತ್ತದೆ. ಆದರೆ ಗಟ್ಟಿ ಅಚ್ಚು ಸಿಗುವುದು ಒಂದೇ. ಉಳಿದ ಶಾಯಿಯಲ್ಲಿ ಇನ್ನೊಂದು ಮಸುಕಾದ ಅಚ್ಚು ತೆಗೆಯಬಹುದು. ನನಗೆ ಎಷ್ಟೋ ಸಲ ಆ ಮಸುಕು ಮುಖವೇ ಜಾಸ್ತಿ ಇಷ್ಟವಾಗಿದೆ. ಫ್ರೆಂಚ್ ಚಿತ್ರಕಾರ ದೆಗಾ ಇಂಥ ಅಚ್ಚುಗಳ ಮೇಲೆ ಪೇಸ್ಟಲ್ (ಬಣ್ಣದ ಕಡ್ಡಿ) ಬಳಿದು ಮುಂದುವರಿಸುತ್ತಿದ್ದರು. ನೀವೂ ಮಾಡಿ ನೋಡಿ.

ಒಂದೇ ಮುಖವನ್ನು ಹತ್ತು ಬಣ್ಣದಲ್ಲಿ, ತಲೆಕೆಳಗಾಗಿ, ಒಂದರ ಮೇಲೊಂದು ಅಚ್ಚೊತ್ತುವ ಆಸೆಯಿದ್ದರೆ ಲಿನೋಕಟ್, ಅಂದರೆ ಲಿನೋಲಿಯಂ ಎಂಬ ಮೆತ್ತನೆಯ ಹಾಳೆಯನ್ನು ಕೆತ್ತಿ ಅಚ್ಚೊತ್ತುವುದು. ಖರ್ಚೂ ಕಡಿಮೆ. ಪ್ರೆಸ್ (ಅಚ್ಚೊತ್ತುವ ಯಂತ್ರ) ಇಲ್ಲದಿದ್ದರೆ ಕಾಗದದ ಬೆನ್ನನ್ನು ಮರದ ಚಮಚದಿಂದ ಉಜ್ಜಿದರೂ ಸಾಕು. ಆದರೆ ಕೆತ್ತಿದ್ದು ಕೆತ್ತಿದ್ದೇ, ಮೂಗು ತಪ್ಪಿದರೆ ತಿದ್ದುವುದು ಕಷ್ಟ.

ಸುಕ್ಕು, ಕೂದಲು, ನಡುಗುವ ಗೆರೆ ಬೇಕಾದರೆ ಡ್ರೈಪಾಯಿಂಟ್. ಲೋಹ ಅಥವಾ ಪ್ಲಾಸ್ಟಿಕ್ ಹಾಳೆಯ ಮೇಲೆ ಸೂಜಿ ಗೀರಿದಾಗ ಏಳುವ ಒರಟು ಅಂಚು ಶಾಯಿ ಹಿಡಿದು ಗೆರೆಯನ್ನು ಮೆತ್ತಗಾಗಿಸುತ್ತದೆ. ಆ ಅಂಚು ಬೇಗ ಸವೆಯುತ್ತದೆ, ಹಾಗಾಗಿ ಒಳ್ಳೆಯ ಅಚ್ಚುಗಳು ಕೆಲವೇ. ರೋಲರ್ ಪ್ರೆಸ್, ಒದ್ದೆ ಕಾಗದ ಬೇಕು. ಪ್ರೆಸ್ ಕೈಗೆ ಸಿಗದಿದ್ದರೆ ಇದನ್ನು ಸದ್ಯಕ್ಕೆ ಬಿಡಿ.

ಮೂರರಲ್ಲೂ ಮುಖ ಎಡಬಲ ತಿರುಗುತ್ತದೆ. ಕನ್ನಡಿ ನೋಡಿ ನಿಮ್ಮದೇ ಮುಖ ಬಿಡಿಸಿದರೆ, ಬೇರೆಯವರು ನೋಡುವ ನೀವು ಕಾಗದದ ಮೇಲೆ ಬರುತ್ತೀರಿ!