ಕಕ್ಕಡದ ಮಳೆಯಲ್ಲಿ ಒಂದು ಶಿಮೇ ಬ್ಲೂ

ಬೆಲ್ಜಿಯಂನ ಸ್ಕೂರ್ಮೋಂ ಮಠದ ಟ್ರಾಪಿಸ್ಟ್ ಎಂಬ ಕ್ಯಾಥೊಲಿಕ್ ಪಂಥದ ಸನ್ಯಾಸಿಗಳು 1862ರಿಂದ ಬಿಯರ್ ತಯಾರಿಸುತ್ತ ಬಂದಿದ್ದಾರೆ. ಅವರ ಶಿಮೇ ಬ್ಲೂ ಶೇ. 9ರಷ್ಟು ಆಲ್ಕೋಹಾಲ್ ಇರುವ ಕಡುಗಂದು ಬಣ್ಣದ ಏಲ್ ಬಗೆಯ ಬಿಯರ್. ನೆಂಟರು ತಂದುಕೊಟ್ಟ 330 ಮಿಲಿಲೀಟರಿನ ಬಾಟಲಿಯನ್ನು ಮಡಿಕೇರಿಯ ನಮ್ಮ ಮನೆಯ ಜಗಲಿಯಲ್ಲಿ, ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ ಮಳೆ ಹಂಚಿನ ಮೇಲೆ ಬಿಡದೆ ಸುರಿಯುತ್ತಿದ್ದ ಸಂಜೆ ತೆರೆದೆವು.

ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿದ ಮೊದಲ ಗುಟುಕಿನಲ್ಲಿ ತಣ್ಣನೆಯ ಸಿಹಿಯ ಹೊರತು ಬೇರೇನೂ ತಿಳಿಯಲಿಲ್ಲ. ಕಾಲು ಗಂಟೆ ಬಿಟ್ಟ ಮೇಲೆ ಒಣದ್ರಾಕ್ಷಿ, ಬೆಲ್ಲದ ಪಾಕ, ಹುರಿದ ಮಾಲ್ಟ್ ಮತ್ತು ಲವಂಗದಂಥ ಸಣ್ಣ ಖಾರ ಒಂದರ ಹಿಂದೊಂದು ಮೇಲೆದ್ದವು. ಬಾಟಲಿಯೊಳಗೇ ಮತ್ತೊಮ್ಮೆ ಹುದುಗುವುದರಿಂದ ತಳದಲ್ಲಿ ಯೀಸ್ಟಿನ ಗಸಿ ಉಳಿದಿರುತ್ತದೆ. ಆದ್ದರಿಂದ ಲೋಟವನ್ನು ಓರೆ ಹಿಡಿದು ನಿಧಾನವಾಗಿ ಬಗ್ಗಿಸಬೇಕು. ನೊರೆ ದಪ್ಪವಾಗಿದ್ದು, ಕುಡಿದಷ್ಟೂ ಲೋಟದ ಒಳಮೈಗೆ ಬಳೆಯಂತೆ ಅಂಟಿಕೊಂಡಿತ್ತು.

ನನಗೆ ಅತ್ಯಂತ ಹಿಡಿಸಿದ್ದು ಕೊಡಗಿನ ಹಂದಿಮಾಂಸದ ಸಾರಾದ ಪಂದಿ ಕರಿಯೊಂದಿಗಿನ ಅದರ ಹೊಂದಾಣಿಕೆ. ಪಣಪುಳಿ ಹಣ್ಣಿನ ರಸವನ್ನು ಕಪ್ಪಾಗುವವರೆಗೆ ಕುದಿಸಿ ಇಳಿಸಿ ಆ ಕರಿಗೆ ಹಾಕುವ ಕಾಚಂಪುಳಿಯ ಗಾಢ ಹುಳಿಯು ಈ ಬಿಯರಿನ ಸಿಹಿಯನ್ನು ಹದಕ್ಕೆ ತರುತ್ತದೆ. ಹಂದಿಯ ಕೊಬ್ಬಿನ ಜಿಡ್ಡನ್ನು ಬಿಯರಿನ ಗುಳ್ಳೆಗಳು ನಾಲಗೆಯಿಂದ ತೊಳೆದುಬಿಡುತ್ತವೆ. ಅಕ್ಕಿತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ ಕಡಂಬುಟ್ಟು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಬರಿದೇ ಕುಡಿದಾಗ ಮಾತ್ರ ಕೊನೆಯ ಗುಟುಕುಗಳ ಸಿಹಿ ತುಸು ಹೆಚ್ಚೆನಿಸಿತು.

ಅಮಲು ತಡವಾಗಿ, ಎದೆಯಲ್ಲಿ ಬೆಚ್ಚಗೆ ತಿಳಿಯುತ್ತದೆ. ಒಂದು ಬಾಟಲಿ ಇಬ್ಬರಿಗೆ ಧಾರಾಳವಾಗಿ ಸಾಕು.